ಬಣ್ಣವಿಲ್ಲದ ಕಡಲಿಗೆ ಎರಡು ಕೋಟು

ಜನ ನನ್ನನ್ನು ಸಲಹೆ ಕೇಳುವುದಿಲ್ಲ. ಹಾಗಾಗಿ ನಾನೇ ಹೋಗಿ ಕೊಡಬೇಕಾಗುತ್ತದೆ. ತಪ್ಪು ನನ್ನದಲ್ಲ, ಕೂತಲ್ಲಿ ಕೂರಲಾಗದ ನನ್ನ ಕಾಲುಗಳದ್ದು. ದಾವಣಗೆರೆಯಿಂದ ವಿಶಾಖಪಟ್ಟಣಕ್ಕೆ ಬಂದು, ಬೇರೆಯವರ ಅಂಗಡಿಯಲ್ಲಿ ಡಬ್ಬಿ ಹೊತ್ತು, ಈಗ ಗಾಜುವಾಕದಲ್ಲಿ ನನ್ನದೇ ಪೇಂಟ್ ಅಂಗಡಿ ಇಟ್ಟುಕೊಂಡಿರುವವನು ನಾನು. ಮದುವೆಮನೆಗೆ ಹೋದರೂ ಮೊದಲು ಗೋಡೆ ಮುಟ್ಟಿ ನೋಡಿ, ಆಮೇಲೆ ಗಂಡು ಹೆಣ್ಣಿನ ಮುಖ ನೋಡುತ್ತೇನೆ. ನಿಮಗೂ ಪುಕ್ಕಟೆಯಾಗಿ ಒಂದು ಮಾತು: ಶೇಡ್ ಕಾರ್ಡಿನಲ್ಲಿ ಮೆಚ್ಚಿದ್ದಕ್ಕಿಂತ ಒಂದು ಮೆಟ್ಟಿಲು ತಿಳಿಯಾದ ಬಣ್ಣವನ್ನೇ ಕೊಳ್ಳಿ. ಹೆಬ್ಬೆರಳಗಲದ ಚೌಕದಲ್ಲಿ ಮುದ್ದಾಗಿ ಕಂಡದ್ದು ಗೋಡೆಗೇರಿದರೆ ಮೈಮೇಲೆ ಬರುತ್ತದೆ. ಊರಿಗೆಲ್ಲ ಈ ಬುದ್ಧಿ ಹೇಳುವ ನಾನು ಮಗಳ ಕವನದ ಮುಂದೆ ಮಾತ್ರ ಅದನ್ನು ಮರೆತೆ.

ಮಗಳು ಸಿಂಧು ಎಂಟನೇ ತರಗತಿ. ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ ಆದ್ದರಿಂದ ಅವಳ ನಾಲಿಗೆಗೆ ತೆಲುಗು ರಾಜಬೀದಿ, ಕನ್ನಡ ಓಣಿ. ಗಟ್ಟಿಯಾಗಿ ಓದುವಾಗ ಅರ್ಧ ಸಾಲು ಕನ್ನಡದಲ್ಲಿ ಹೊರಟು ತೆಲುಗಿನಲ್ಲಿ ತಲುಪುತ್ತಾಳೆ. ಹೋದ ವರ್ಷ ನಮ್ಮ ಕನ್ನಡ ಸಂಘದ ಕಾರ್ಯಕ್ರಮದಲ್ಲಿ ಹಾಗೇ ಆಗಿ ಮಕ್ಕಳೆಲ್ಲ ನಕ್ಕಿದ್ದರು. ಈ ಸಲ ವಿಜಯವಾಡದಲ್ಲಿ ಕವಿಗೋಷ್ಠಿ ಎಂದಾಗ ಅವಳು ತಾನೇ ಒಂದು ಕವನ ಬರೆದಳು. ಬರೆದು ಶರತ್ತನ್ನೂ ಹಾಕಿದಳು. "ಈ ಸಲಾನೂ ನಕ್ಕರೆ ಅಷ್ಟೇ ಅಪ್ಪಾ, ನಾನು ಮತ್ತೆ ಕನ್ನಡ ಮುಟ್ಟೋದಿಲ್ಲ." ಓದುವಾಗ ಎಡವದಿರಲು ಹಾಳೆಯ ಮೇಲೆ ಸ್ಕೆಚ್ ಪೆನ್ನಿನಿಂದ ಗುರುತು ಹಾಕಿಕೊಂಡಿದ್ದಳು. ಯಾವ ಬಣ್ಣ ಯಾತಕ್ಕೆಂದು ನನಗೆ ವಿವರಿಸಿಯೂ ಇದ್ದಳಂತೆ. ಆಗ ನಾನು ಫೋನಿನಲ್ಲಿ ಒಬ್ಬರಿಗೆ ಅವರ ಅಡುಗೆಮನೆಗೆ ನೇರಳೆ ಬೇಡವೆಂದು ಬುದ್ಧಿ ಹೇಳುತ್ತಿದ್ದೆ.

ಕವನ ಭೀಮುನಿಪಟ್ಟಣದ ಕಡಲಿನದು. ಮೊದಲೆರಡು ಸಾಲು ಹೀಗೆ: "ಇವತ್ತು ಕಡಲಿಗೆ ಬಣ್ಣ ಇಲ್ಲ, ಬಲೆ ಒಣಗಿಸುವ ಅಜ್ಜಿಗೆ ನೋಡಲು ಬಿಡುವಿಲ್ಲ." ಅಲ್ಲಿಂದ ಕೊನೆಯವರೆಗೆ ಹುಡುಕಿದೆ. ಒಂದು ಹಸಿರಿಲ್ಲ, ಒಂದು ಹಳದಿಯಿಲ್ಲ. ಬಣ್ಣ ಮಾರುವವನ ಮಗಳು ಬಣ್ಣವೇ ಇಲ್ಲದ ಕಡಲು ಬರೆದರೆ ಗಿರಾಕಿಗಳು ಏನೆಂದುಕೊಳ್ಳಬೇಕು?

"ಏಳು ಬಣ್ಣ ಹಾಕಮ್ಮ," ಎಂದು ವ್ಯಾಪಾರ ಶುರು ಮಾಡಿದೆ.

"ಒಂದೂ ಬೇಡ."

"ಹೋಗಲಿ, ನಾಲ್ಕು. ಜನ ಕೇಳಿದ ಕೂಡಲೇ ಕಣ್ಣಿಗೆ ಕಾಣಬೇಕು."

"ಅವತ್ತು ಮೋಡ ಇತ್ತಪ್ಪಾ. ನೀನೂ ಇದ್ದೆ. ಆ ಕಡಲಿಗೆ ಬಣ್ಣ ಇರಲಿಲ್ಲ."

ಇದ್ದೆ, ನಿಜ. ಆದರೆ ನಾನು ಅವತ್ತು ನೋಡಿದ್ದು ಕಡಲನ್ನಲ್ಲ, ಉಪ್ಪುಗಾಳಿಗೆ ಸುಲಿದಿದ್ದ ಒಂದು ಮನೆಯ ಗೋಡೆಯನ್ನು. "ಎರಡೇ ಎರಡು," ಎಂದೆ. "ಸುಮ್ನಿರ್ರೀ, ಅದೇನು ಗೇಟೇ ಬಣ್ಣ ಬಳಿಯೋಕೆ?" ಎಂದು ಹೆಂಡತಿ ಗಿರಿಜೆ ಅಡುಗೆಮನೆಯಿಂದ ಕೂಗಿದಳು. ಮಗು ಸುಸ್ತಾಗಿ ಎರಡಕ್ಕೆ ಒಪ್ಪಿತು. ಮರಳಿಗೆ ಚಿನ್ನದ ಬಣ್ಣ ಬಂತು. ಮೊದಲ ಸಾಲು "ಇವತ್ತು ನೀಲಿ ಕಡಲಿಗೆ ಬಣ್ಣ ಇಲ್ಲ" ಎಂದಾಯಿತು. ನೀಲಿಯೂ ಹೌದು, ಬಣ್ಣವಿಲ್ಲದ್ದೂ ಹೌದು! ಅದು ನನಗೆ ಹೊಳೆಯಲೇ ಇಲ್ಲ. ವ್ಯಾಪಾರ ಕುದುರಿದ ಸಂತೋಷದಲ್ಲಿ ಮಾಲು ಯಾರು ನೋಡುತ್ತಾರೆ?

ಬೆಳಗಿನ ರೈಲಿನಲ್ಲಿ ಹೊರಟೆವು. ರೈಲಿನಲ್ಲಿ ಆರು ಗಂಟೆ ಸುಮ್ಮನೆ ಕೂರುವುದೆಂದರೆ ನನಗೆ ಶಿಕ್ಷೆ. ಗೋದಾವರಿ ಸೇತುವೆ ಬರುವ ಹೊತ್ತಿಗೆ ಎರಡು ಬೋಗಿ ಸುತ್ತಿ, ಎದುರು ಸೀಟಿನವರ ಹೊಸ ಮನೆಗೆ ಬಣ್ಣ ಸೂಚಿಸಿ ಮುಗಿಸಿದ್ದೆ. ತಾಯಿ ಮಗಳು ಇಬ್ಬರೂ ತೂಕಡಿಸುತ್ತಿದ್ದರು. ಕವನದ ಹಾಳೆ ಸಿಂಧುವಿನ ಮಡಿಲಲ್ಲಿತ್ತು, ಸ್ಕೆಚ್ ಪೆನ್ನುಗಳು ಪಕ್ಕದಲ್ಲಿದ್ದವು. ನನ್ನ ಅಂಗಡಿಯಲ್ಲಿ ಒಂದು ಪದ್ಧತಿಯಿದೆ. ಯಂತ್ರದಲ್ಲಿ ಬೆರೆಸಿದ ಬಣ್ಣವನ್ನು ನಾನೇ ಪರೀಕ್ಷಿಸಿ, ಸರಿಯಿದ್ದರೆ ಡಬ್ಬಿಯ ಮುಚ್ಚಳದ ಮೇಲೆ ಕೆಂಪು ಗೆರೆ ಎಳೆಯುತ್ತೇನೆ. ಕೆಂಪು ಬಿತ್ತೆಂದರೆ ಮಾಲು ಹೊರಡಬಹುದು. ಹಾಳೆ ಮೆಲ್ಲಗೆ ಎತ್ತಿಕೊಂಡು ಓದುತ್ತಾ ಹೋದೆ. ಹುಡುಗಿ ಚೆನ್ನಾಗಿ ಬರೆದಿದ್ದಾಳೆ ಎನ್ನಿಸಿತು. ಅಪ್ಪ ಮೆಚ್ಚಿದ್ದಾನೆಂದು ಗೊತ್ತಾಗಲಿ ಎಂದು, ಹಿಡಿಸಿದ ಪದಗಳ ಮುಂದೆಲ್ಲ ಒಂದೊಂದು ಕೆಂಪು ಗೆರೆ ಎಳೆದೆ. ಕೈ ಧಾರಾಳವಾಗಿತ್ತು.

ವಿಜಯವಾಡದ ಭವಾನಿಪುರಂನ ಸಭಾಂಗಣದಲ್ಲಿ ನನ್ನ ಪಕ್ಕ ಕೂತವರು ಪಾಟೀಲರು. ಧಾರವಾಡ ಕಡೆಯವರು, ಬ್ಯಾಂಕಿನಲ್ಲಿ ಮ್ಯಾನೇಜರು, ವರ್ಗವಾಗಿ ಬಂದವರು. ಸಿಂಧು ಮೈಕಿನ ಮುಂದೆ ನಿಂತು ಶುರು ಮಾಡಿದಳು. "ಇವತ್ತು..." ನಿಂತಳು. ಉಸಿರೆಳೆದುಕೊಂಡಳು. "ನೀಲಿ..." ಮತ್ತೆ ನಿಂತಳು. "ಕಡಲಿಗೆ..." ಮತ್ತೆ ಉಸಿರು.

ಪಾಟೀಲರು ನನ್ನ ಕಿವಿಗೆ ಬಾಗಿದರು. "ಹುಡುಗಿಗೆ ಉಬ್ಬಸ ಐತೇನ್ರೀ? ಪಾಪ, ನೀರ್ ಕೊಡ್ರಿ ಮೊದ್ಲ."

ಆಗ ಗಿರಿಜೆ ಪಿಸುಗುಟ್ಟಿದಳು: "ಕೆಂಪು ಗೆರೆ ಬಂದಲ್ಲಿ ನಿಂತು ಉಸಿರು ತಗೋಬೇಕು ಅಂತ ಗುರುತು ಮಾಡ್ಕೊಂಡಿದ್ಲು. ಇಷ್ಟೊಂದು ಎಲ್ಲಿಂದ ಬಂತ್ರೀ?" ನನ್ನ ಮುಖ ನೋಡಿ ಉತ್ತರ ಅವಳಿಗೇ ಸಿಕ್ಕಿತು. ಮುಂದಿನ ಸಾಲಿನಲ್ಲಿ ಒಂದು ಮಗು ಕಿಸಕ್ಕೆಂದಿತು, ಇನ್ನೆರಡು ಜೊತೆಗೂಡಿದವು. ಓಡಿಹೋಗಿ ಹಾಳೆ ಕಿತ್ತುಕೊಳ್ಳೋಣವೆಂದು ನಾನು ಎದ್ದೇಬಿಟ್ಟೆ. ಗಿರಿಜೆ ಅಂಗಿ ಹಿಡಿದು ಕೂರಿಸಿದಳು. ಹುಟ್ಟಿದಾಗಿನಿಂದ ಆ ಒಂದು ನಿಮಿಷದಷ್ಟು ಹೊತ್ತು ನಾನು ಕೂತದ್ದೇ ಇಲ್ಲ.

ಸಿಂಧು ಹಾಳೆಯನ್ನು ನೋಡಿದಳು. ನನ್ನನ್ನು ನೋಡಿದಳು. ಹಾಳೆಯನ್ನು ನಾಲ್ಕಾಗಿ ಮಡಚಿ ಮುಷ್ಟಿಯಲ್ಲಿ ಹಿಡಿದು, ಬಾಯಿಪಾಠವಾಗಿ ಮೊದಲಿನಿಂದ ಹೇಳಿದಳು. "ಇವತ್ತು ಕಡಲಿಗೆ ಬಣ್ಣ ಇಲ್ಲ." ನೀಲಿ ಹೋಯಿತು. ಮರಳಿನ ಚಿನ್ನವೂ ಹೋಯಿತು. ಒಪ್ಪಿ ಮುಗಿದ ವ್ಯಾಪಾರವನ್ನು ಸಭೆಯ ಮುಂದೆ ಮುರಿದಳು. ಒಂದು ಕಡೆಯೂ ತೆಲುಗಿಗೆ ಜಾರಲಿಲ್ಲ. ಬಲೆಯ ಅಜ್ಜಿ ಬಂದಾಗ ಕಿಸಕ್ಕೆಂದ ಮಕ್ಕಳೂ ಸುಮ್ಮನಾದವು. "ಏನ್ ಬರದಾಳ್ರೀ! ಮೋಡ ಮುಸುಕಿದ್ದು ಕಂಡ್ತು ನೋಡ್ರಿ," ಎಂದರು ಪಾಟೀಲರು. ಒಂದು ಬಣ್ಣವನ್ನೂ ಹೇಳದೆ ಅದು ಹೇಗೆ ಕಂಡಿತೆಂದು ನಾನು ಕೇಳಲಿಲ್ಲ, ನನಗೂ ಕಂಡಿತ್ತು.

ವಾಪಸು ಬರುವಾಗ ಅವಳು ಹಾಳೆಯನ್ನೂ ಪೆನ್ನುಗಳನ್ನೂ ಅಮ್ಮನ ಚೀಲಕ್ಕೆ ತುರುಕಿ ಕಿಟಕಿಯ ಕಡೆ ತಿರುಗಿ ಕೂತಳು. ಇನ್ನು ಬರೆಯುವುದಿಲ್ಲವೇನೋ ಎಂದು ನನಗೆ ಒಂದು ವಾರ ಅಂಗಡಿಯಲ್ಲಿ ನಿಲ್ಲಲಾಗಲಿಲ್ಲ, ಮನೆಯಲ್ಲಿ ಕೂರಲಾಗಲಿಲ್ಲ. ಮೊನ್ನೆ ಭಾನುವಾರ ಬಂದು ಹೊಸ ಹಾಳೆಯೊಂದನ್ನು ಮೇಜಿನ ಮೇಲಿಟ್ಟಳು. "ಕೈ ಹಿಂದಕ್ಕೆ ಕಟ್ಕೊಂಡು ಓದ್ಬೇಕು. ಒಂದು ಮಾತೂ ಆಡ್ಬಾರ್ದು."

"ಒಂದೇ ಒಂದು ಮಾತು?"

"ಸೊನ್ನೆ."

ಕೈ ಕಟ್ಟಿ ಬಾಗಿ ಓದಿದೆ. ಕವನ ನನ್ನ ಬಗ್ಗೆಯೇ. ಊಟಕ್ಕೆ ಕೂತ ಅಪ್ಪ, ಅವನ ಉಗುರಿನ ಸಂದಿಯಲ್ಲಿ ಇನ್ಯಾರದೋ ಮನೆಯ ಹಳದಿ. ಇಡೀ ಕವನದಲ್ಲಿ ಅದೊಂದೇ ಬಣ್ಣ. ಮತ್ತೊಮ್ಮೆ ಓದಿದೆ. ಆದರೂ ಹೇಳುತ್ತೇನೆ, ಆ ವಾರ ನಾನು ಬೆರೆಸಿದ್ದು ಹಳದಿಯಲ್ಲ. ಸ್ವಲ್ಪ ಕೇಸರಿ ಬಿದ್ದ ಕೆನೆಬಣ್ಣ. ನೋಡಿಕೊಳ್ಳೋಣವೆಂದರೆ ಕೈ ಬೆನ್ನ ಹಿಂದಿದೆ. ಸಿಂಧು ನನ್ನ ಮುಖವನ್ನೇ ನೋಡುತ್ತಿದ್ದಳು.

"ಹಳದಿಯೇ," ಎಂದೆ. ಸುಳ್ಳು ಹೇಳಿದ್ದಕ್ಕೆ ಬೇಸರವಿಲ್ಲ. ಸೊನ್ನೆಗೆ ಒಪ್ಪಿ ಒಂದು ಮಾತಾಡಿದೆನಲ್ಲ, ಅದಕ್ಕೆ.