ಸೈಡ್‌ಬೋರ್ಡ್ ನೇಮಕಾತಿ

ನಮ್ಮ ಮನೆಯಲ್ಲಿ ಯಾವ ವಸ್ತುವನ್ನೂ ಕೊಳ್ಳುವುದಿಲ್ಲ, ನೇಮಕ ಮಾಡಿಕೊಳ್ಳುತ್ತೇವೆ. ಕಚೇರಿಯ ಸಿಬ್ಬಂದಿ ವಿಭಾಗದಲ್ಲಿ ಮೇಲ್ವಿಚಾರಕರಾಗಿದ್ದ ಅಪ್ಪ ನಿವೃತ್ತರಾದ ದಿನವೇ ಅಲ್ಲಿನ ನಿಯಮಗಳನ್ನೆಲ್ಲ ಮನೆಗೆ ತಂದರು. ಅದರಿಂದ ಕಚೇರಿಗೇನೂ ನಷ್ಟವಾಗಲಿಲ್ಲ, ಏಕೆಂದರೆ ಅದೇ ವಿಭಾಗದಲ್ಲಿ ಈಗ ನಾನಿದ್ದೇನೆ.

ಈ ಸಲದ ನೇಮಕಕ್ಕೆ ಕಾರಣ ಅಮ್ಮನ ಸೊಂಟ. ಊಟದ ತಟ್ಟೆಗಳು ಅಡುಗೆಮನೆಯ ಕಟ್ಟೆಯ ಕೆಳಗಿನ ಗೂಡಿನಲ್ಲಿದ್ದವು. ಬಗ್ಗಿ ತೆಗೆದು, ಬಗ್ಗಿ ಇಟ್ಟು, ಎದ್ದು ನಿಲ್ಲುವಾಗ ಅಮ್ಮ ಗೋಡೆ ಹಿಡಿಯುವಂತಾಗಿತ್ತು. ಇನ್ನು ಬಗ್ಗಲೇಕೂಡದು ಎಂದು ಡಾಕ್ಟರು ಹೇಳಿದರು. ಊಟದ ಕೋಣೆಗೆ ಸೈಡ್‌ಬೋರ್ಡ್ ಎಂಬ ಸೊಂಟದೆತ್ತರದ ಕಪಾಟು ತಂದು ತಟ್ಟೆಗಳನ್ನು ಅದರಲ್ಲಿಡುವುದೆಂದು ತೀರ್ಮಾನವಾಯಿತು. ಅಪ್ಪ ಗಂಟಲು ಸರಿಮಾಡಿಕೊಂಡು ಪ್ರಕಟಿಸಿದರು: "ಸದರಿ ಹುದ್ದೆಗೆ ಓಕ್ ಮರದವು ಮಾತ್ರ ಅರ್ಹ. ಮರದ ಪುಡಿ ಒತ್ತಿ ಮಾಡಿದವನ್ನು ಯಾವ ಕಾರಣಕ್ಕೂ ಪರಿಗಣಿಸಲಾಗುವುದಿಲ್ಲ."

ಅಂಗಡಿಯಲ್ಲಿ ಅಪ್ಪ ಒಂದೊಂದು ಸೈಡ್‌ಬೋರ್ಡಿನ ಎದುರೂ ಕುರ್ಚಿ ಹಾಕಿಸಿಕೊಂಡು ಕುಳಿತರು.

"ಇದರ ನಡತೆ ಹೇಗೆ?"

"ಬಹಳ ಒಳ್ಳೇದು ಸಾರ್," ಎಂದ ಅಂಗಡಿಯವನು. ಇಂಥ ಗಿರಾಕಿಗಳು ಅವನಿಗೆ ಹೊಸಬರಲ್ಲವೆಂದು ಕಾಣುತ್ತದೆ. "ಅಪ್ಪಟ ಓಕ್. ಎಷ್ಟೇ ಭಾರ ಹೇರಿ, ಬಗ್ಗಲ್ಲ."

"ರೀ, ನಾನು ಬಗ್ಗದೆ ತಟ್ಟೆ ತೆಗೀಬಹುದಾ ಕೇಳ್ರಿ," ಎಂದಳು ಅಮ್ಮ.

"ಅದು ಕೆಲಸಕ್ಕೆ ಸಂಬಂಧಪಟ್ಟ ಪ್ರಶ್ನೆ ಕಣೇ. ಸಂದರ್ಶನದಲ್ಲಿ ಅದನ್ನೆಲ್ಲ ಕೇಳೋ ಹಾಗಿಲ್ಲ."

ಜೇನು ಬಣ್ಣದ, ಹಿತ್ತಾಳೆ ಹಿಡಿಗಳ, ಗಿಡ್ಡ ಕಾಲುಗಳ ಒಂದು ಭಾರಿ ಸೈಡ್‌ಬೋರ್ಡ್ ಆಯ್ಕೆಯಾಯಿತು. ಕೂಲಿಯವರು ಏದುಸಿರು ಬಿಡುತ್ತ ಅದನ್ನು ಊಟದ ಕೋಣೆಯ ಗೋಡೆಗೆ ಸೇರಿಸಿ ನಿಲ್ಲಿಸಿದರು. ಅಮ್ಮ ಆಸೆಯಿಂದ ಬಾಗಿಲು ಎಳೆದಳು. ಅದು ಎರಡು ಬೆರಳಿನಷ್ಟು ತೆರೆದು ಊಟದ ಮೇಜಿಗೆ ಬಡಿದು ನಿಂತಿತು. ಅಪ್ಪ ಅಳತೆಯನ್ನೇನೋ ಸರಿಯಾಗಿಯೇ ತೆಗೆದಿದ್ದರು, ಬಾಗಿಲು ಮುಚ್ಚಿದ ಸೈಡ್‌ಬೋರ್ಡಿಗೆ.

"ಅಪ್ಪಾ, ಮೇಜನ್ನ ಸ್ವಲ್ಪ ಆ ಕಡೆ ತಳ್ಳಿದ್ರೆ ಆಯ್ತಲ್ಲ?" ಎಂದಳು ತಂಗಿ. ಅವಳಿಗಿನ್ನೂ ಕೆಲಸ ಸಿಕ್ಕಿಲ್ಲ, ಹಾಗಾಗಿ ತಿಳಿಯದು.

ಅಪ್ಪನ ಮುಖ ಕೆಂಪಾಯಿತು. "ಆ ಮೇಜು ನಮ್ಮ ಮದುವೆ ಕಾಲದ್ದು. ನಿನ್ನೆ ಮೊನ್ನೆ ಬಂದವರಿಗೋಸ್ಕರ ಸೇವೆಯಲ್ಲಿ ಹಿರಿಯರನ್ನ ವರ್ಗಾವಣೆ ಮಾಡೋದಾ?"

ನಿಯಮ ಬಲ್ಲ ನಾನು ತಲೆಯಾಡಿಸಿದೆ.

"ಹೋಗ್ಲಿ, ಒಳಗೆ ಬೇಡ. ತಟ್ಟೆಗಳನ್ನ ಅದರ ಮೇಲೆ ಇಟ್ಕೋತೀನಿ," ಎಂದಳು ಅಮ್ಮ.

"ಪ್ರೊಬೇಷನ್ ಮುಗೀಲಿ. ಅಲ್ಲೀವರೆಗೆ ಜವಾಬ್ದಾರಿ ವಹಿಸೋ ಹಾಗಿಲ್ಲ."

ಅಡುಗೆಮನೆಯ ಗೂಡಿಗೇ ವಾಪಸು ಕಳಿಸೋಣವೆಂದರೆ ಅಲ್ಲಿ ಆಗಲೇ ಗ್ಯಾಸ್ ಸಿಲಿಂಡರ್ ಅಧಿಕಾರ ವಹಿಸಿಕೊಂಡಿತ್ತು. ಖಾಲಿ ಉಳಿದದ್ದು ಸೈಡ್‌ಬೋರ್ಡಿನ ಅಡಿ, ಆ ಗಿಡ್ಡ ಕಾಲುಗಳ ನಡುವಿನ ಜಾಗ ಮಾತ್ರ. ತಟ್ಟೆಗಳನ್ನು ಅಲ್ಲಿಗೆ ನಿಯೋಜಿಸಲಾಯಿತು. ಮೊದಲು ಅಮ್ಮ ಬಗ್ಗಿದರೆ ಸಾಕಿತ್ತು. ಈಗ ಮಂಡಿಯೂರಿ, ಕೆನ್ನೆ ನೆಲಕ್ಕೆ ತಾಗಿಸಿ ಕೈ ಚಾಚಬೇಕಾಯಿತು. ನೋಡುವಾಗ ನನಗೆ ಕರುಳು ಚುರುಕ್ ಎನ್ನುತ್ತಿತ್ತು. ಅಷ್ಟರಲ್ಲಿ ಊಟ ಬರುತ್ತಿತ್ತು.

ಪ್ರೊಬೇಷನ್ ಮುಗಿದ ದಿನ ಅಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು ನಮ್ಮನ್ನೆಲ್ಲ ಊಟದ ಕೋಣೆಗೆ ಕರೆದರು. "ಸದರಿ ಅವಧಿಯಲ್ಲಿ ಈ ಸೈಡ್‌ಬೋರ್ಡ್ ಯಾವ ತಪ್ಪನ್ನೂ ಎಸಗಿಲ್ಲ. ಒಂದು ತಟ್ಟೆಯನ್ನೂ ಒಡೆದಿಲ್ಲ. ಜಾಗ ಬಿಟ್ಟು ಕದಲಿಲ್ಲ. ಆದಕಾರಣ ಇದನ್ನು ಕಾಯಂಗೊಳಿಸಲಾಗಿದೆ." ನಾವು ಚಪ್ಪಾಳೆ ತಟ್ಟಿದೆವು. ಅಪ್ಪ ಹೆಮ್ಮೆಯಿಂದ ಅದರ ನೆತ್ತಿ ಸವರಿದರು. "ನೋಡಿ, ಕೂದಲೆಳೆಯಷ್ಟಾದ್ರೂ ಬಗ್ಗಿದೆಯಾ?"

ಅಮ್ಮನಿಗೆ ಹೋದ ಜೀವ ಬಂದಂತಾಯಿತು. ಮಂಡಿಯೂರಿ ತಟ್ಟೆಗಳನ್ನೆಲ್ಲ ಹೊರಗೆಳೆದು, ಎರಡೂ ಕೈಯಲ್ಲಿ ಎತ್ತಿಕೊಂಡು ನಿಂತಳು. "ಹಾಗಾದ್ರೆ ಇವತ್ತಿಂದ ಇವನ್ನ ಇದರ ಮೇಲೆ ಇಡಬಹುದಲ್ವಾ?"

ಅಪ್ಪ ಅವಳನ್ನು ಕನಿಕರದಿಂದ ನೋಡಿದರು.

"ಕಾಯಂ ಆದವರಿಗೆ ಕೆಲಸ ಹೇಳೋಕಾಗುತ್ತೇನೇ?"

ಅಮ್ಮ ತಟ್ಟೆ ಹಿಡಿದುಕೊಂಡೇ ಸೈಡ್‌ಬೋರ್ಡನ್ನು ನೋಡಿದಳು. ಅಪ್ಪನನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು.

"ಅದೂ ಹೌದು," ಎಂದು ಮತ್ತೆ ಮಂಡಿಯೂರಿದಳು.

ತಂಗಿ ಓಡಿಹೋಗಿ ಕೈಜೋಡಿಸಿದಳು. ನಾನು ಕಳೆದ ವರ್ಷವೇ ಕಾಯಂ ಆದವನು, ಕುಳಿತೇ ಇದ್ದೆ.