ಹೊಸ ಕಟ್ಟಡದವರನ್ನೆಲ್ಲ ಇಲ್ಲವಾಗಿಸಿದ ಸ್ಕ್ರಿಪ್ಟಿನ ಕರ್ತೃವಿಗೆ

ಮಾನ್ಯರೇ,

ಸರ್ವರ್ ನಿರ್ವಾಹಕರಿಗಾಗಿ ತಾವು ವಾರವಾರವೂ ಬರೆಯುವ ಸಲಹಾ ಅಂಕಣದ ಕಾಯಂ ಓದುಗರಲ್ಲೊಬ್ಬಳಾದ ನಾನು, ಒಂದು ದೊಡ್ಡ ಆಸ್ಪತ್ರೆಯ ಕಂಪ್ಯೂಟರ್ ವಿಭಾಗದಲ್ಲಿ ಕುಳಿತು, ತಮ್ಮ ಕೀಲಿಮಣೆಗೂ ಅದನ್ನು ಒತ್ತುವ ಬೆರಳುಗಳಿಗೂ ದೀರ್ಘಾಯುಷ್ಯ ಕೋರಿ ಮಾಡುವ ಅರಿಕೆ ಏನೆಂದರೆ, ತಮ್ಮ ಕಳೆದ ವಾರದ ಸಲಹೆ ಕೆಲಸ ಮಾಡಿತು. ತಮ್ಮ ಹಿಂದಿನ ಯಾವ ಸಲಹೆಗೂ ಆ ಅಭ್ಯಾಸ ಇಲ್ಲದಿದ್ದುದರಿಂದ ನಾನು ಯಾವ ಮುನ್ನೆಚ್ಚರಿಕೆಯನ್ನೂ ತೆಗೆದುಕೊಂಡಿರಲಿಲ್ಲ.

ಬಹಳ ಕಾಲದಿಂದ ಲಾಗಿನ್ ಆಗದವರನ್ನು ತಾನೇ ಹುಡುಕಿ ಅವರ ಖಾತೆಗಳಿಗೆ ಬೀಗ ಜಡಿಯುವ, ಹತ್ತು ಸಾಲು ಆಜ್ಞೆಗಳ ಪುಟ್ಟ ಸ್ಕ್ರಿಪ್ಟೊಂದನ್ನು ತಾವು ದಯಪಾಲಿಸಿ, ಅದು ಓಡುತ್ತಿರುವಾಗ ನಿರ್ವಾಹಕರು ಹಾಯಾಗಿ ಕಾಫಿ ಕುಡಿದು ಬರಬಹುದು ಎಂದಿದ್ದಿರಿ. ನಾನು ವಿಧೇಯಳಾಗಿ ಕಾಫಿಗೆ ಹೋದೆ.

ನಮ್ಮಲ್ಲಿ ಹಳೇ ಕಟ್ಟಡಕ್ಕೊಂದು, ಹೊಸ ಕಟ್ಟಡಕ್ಕೊಂದು ಸರ್ವರ್ ಇದೆ. ಯಾರು ಯಾವಾಗ ಒಳಗೆ ಬಂದರೆಂಬುದನ್ನು ಇವೆರಡೂ ತಮ್ಮ ತಮ್ಮಲ್ಲೇ ಬರೆದಿಟ್ಟುಕೊಳ್ಳುತ್ತವೆಯೇ ಹೊರತು, ಮಾತು ಬಿಟ್ಟ ಓರಗಿತ್ತಿಯರ ಹಾಗೆ, ಒಬ್ಬರಿಗೊಬ್ಬರು ಹೇಳುವುದಿಲ್ಲ. ತಮ್ಮ ಸ್ಕ್ರಿಪ್ಟ್ ಹಳೇ ಕಟ್ಟಡದ ಸರ್ವರನ್ನು ಮಾತ್ರ ವಿಚಾರಿಸಿತು. ಹೊಸ ಕಟ್ಟಡದವರನ್ನು ತಾನು ಕಂಡೇ ಇಲ್ಲವೆಂದು ಅದು ಪ್ರಾಮಾಣಿಕವಾಗಿ ಹೇಳಿತು. ನಾನು ಲೋಟ ಕೆಳಗಿಡುವಷ್ಟರಲ್ಲಿ ಹೊಸ ಕಟ್ಟಡದ ವೈದ್ಯರು, ದಾದಿಯರು, ಎಕ್ಸ್‌ರೇ ತೆಗೆಯುವವರು, ಎಲ್ಲರೂ ದಾಖಲೆಯಲ್ಲಿ ಇಲ್ಲವಾಗಿದ್ದರು.

ಮೊದಲ ಫೋನು ತೀವ್ರ ನಿಗಾ ಘಟಕದ ಹಿರಿಯ ದಾದಿಯದು. ಅಲ್ಲಿಯ ಔಷಧಿ ಕಪಾಟು ದಾದಿಯರ ಲಾಗಿನ್ ಇಲ್ಲದೆ ತೆರೆಯುವುದಿಲ್ಲ. ಅವರು ಯಾವತ್ತೂ ದನಿ ಎತ್ತುವವರಲ್ಲ, ಅಂದೂ ಎತ್ತಲಿಲ್ಲ. "ನೋಡಮ್ಮ, ಇಲ್ಲೊಬ್ಬ ಅಜ್ಜನಿಗೆ ಫಿಟ್ಸ್ ಬರ್ತಾ ಇದೆ. ಔಷಧಿ ಗಾಜಿನಾಚೆ ಕಾಣ್ತಾ ಇದೆ, ಕೈಗೆ ಸಿಗ್ತಾ ಇಲ್ಲ. ಹಳೇ ಕಟ್ಟಡಕ್ಕೆ ಜನ ಓಡಿಸಿದ್ದೀನಿ. ಇನ್ನೊಬ್ಬರಿಗೆ ಹೀಗಾಗೋ ಮೊದಲು ನೀನು ಏನು ಮಾಡಿದೀಯೋ ಅದನ್ನ ವಾಪಸ್ ಮಾಡು," ಎಂದರು. ನಾನೇ ಮಾಡಿದ್ದೆಂದು ಅವರಿಗೆ ಹೇಗೆ ತಿಳಿಯಿತೆಂದು ಕೇಳುವ ಧೈರ್ಯ ನನಗಿರಲಿಲ್ಲ.

ಆಗ ಆಸರೆಯಾಗಿ ಒದಗಿದ್ದು ತಮ್ಮದೇ ಇನ್ನೊಂದು ಸಲಹೆ. ಯಾವ ತೊಂದರೆ ಬಂದರೂ ಮೊದಲು ಲಾಗೌಟ್ ಆಗಿ ಮತ್ತೆ ಒಳಗೆ ಬನ್ನಿ ಎಂದು ತಾವು ಹೇಳುತ್ತಲೇ ಬಂದಿದ್ದೀರಿ. ಲಾಗೌಟ್ ಆದೆ. ನಾನು ಕೂರುವುದೂ ಹೊಸ ಕಟ್ಟಡದಲ್ಲೇ ಎಂಬುದು ಹೊಳೆದದ್ದು ಆಮೇಲೆ.

ಸರ್ವಾಧಿಕಾರವುಳ್ಳ ಖಾತೆಗಳ ಪೈಕಿ ಉಳಿದಿದ್ದದ್ದು ಒಂದೇ: ಎಂದೋ ನಿವೃತ್ತರಾದ ನಮ್ಮ ಹಳೆಯ ಮುಖ್ಯಸ್ಥರದು. ಹಳೇ ಕಟ್ಟಡದ ಹಾಜರಿ ಯಂತ್ರ ಇಂದಿಗೂ ಅವರ ಹೆಸರಿನಲ್ಲಿ ಓಡುತ್ತಿರುವುದರಿಂದ, ತಮ್ಮ ಸ್ಕ್ರಿಪ್ಟಿನ ಕಣ್ಣಿಗೆ ಅವರಷ್ಟು ನಿಷ್ಠೆಯಿಂದ ಕೆಲಸಕ್ಕೆ ಬರುವವರು ಇನ್ನೊಬ್ಬರಿರಲಿಲ್ಲ. ಆ ಖಾತೆಯನ್ನು ಮುಚ್ಚಬೇಕಾಗಿದ್ದವಳು ನಾನು. ಆದರೆ ಪತ್ರ ನನ್ನದಾದ್ದರಿಂದ ಆ ವಿಷಯವನ್ನು ಬೆಳೆಸುವುದಿಲ್ಲ.

ಫೋನು ಮಾಡಿ ಪಾಸ್‌ವರ್ಡ್ ಕೇಳಿದೆ. ಅವರು ದನಿ ತಗ್ಗಿಸಿ, "ಈಗಲೇ ಹೇಳ್ಬೇಕೇನಮ್ಮ? ನಿಮ್ಮ ಅತ್ತಿಗೆ ಪಕ್ಕದಲ್ಲೇ ಕೂತಿದ್ದಾಳೆ," ಎಂದರು. ಅವರ ಹೆಂಡತಿಯನ್ನು ವಿಭಾಗದವರೆಲ್ಲ ಅತ್ತಿಗೆ ಎನ್ನುತ್ತೇವೆ. ರೋಗಿಯ ಸ್ಥಿತಿ ಹೇಳಿದೆ. ಅವರು ಅಲ್ಲೇ, ಅತ್ತಿಗೆಯ ಎದುರೇ, ಅಕ್ಷರ ಅಕ್ಷರವಾಗಿ ಸ್ಪಷ್ಟವಾಗಿ ಬಿಡಿಸಿ ಹೇಳಿದರು. ಅದು 'ಸಿಡುಕಿ' ಎಂಬ ಪದ. ಅದರ ಹಿಂದೆ ಅವರ ಮದುವೆಯ ಇಸವಿ.

ಅದರಿಂದ ಒಳಹೊಕ್ಕು ದಾದಿಯರ ಖಾತೆಗಳ ಬೀಗ ತೆಗೆದೆ, ಕಪಾಟು ತೆರೆಯಿತು. ಅಜ್ಜನಿಗೆ ಅಷ್ಟರಲ್ಲಿ ಓಡಿ ತಂದ ಔಷಧಿ ಸಿಕ್ಕಿತ್ತು. ಎಚ್ಚರವಾದ ಮೇಲೆ ಅವರು ಕೇಳಿದ್ದು ತಮ್ಮ ಕನ್ನಡಕ ಎಲ್ಲಿ ಅಂತ. ಸಂಜೆ ಅತ್ತಿಗೆ ನನಗೆ ಫೋನು ಮಾಡಿ, "ಮೂವತ್ತು ವರ್ಷ ದಿನಾ ಬೆಳಿಗ್ಗೆ ಆಫೀಸಿಗೆ ಹೋದ ತಕ್ಷಣ ನನ್ನನ್ನ ನೆನೆಸಿಕೊಳ್ತಾ ಇದ್ರಂತೆ. ಮನೇಲಿ ಒಂದು ದಿನ ಬಾಯಿ ಬಿಟ್ಟಿರ್ಲಿಲ್ಲ ನೋಡು," ಎಂದರು. ಅದು ಕೋಪವೋ ಸಂತೋಷವೋ ನನಗೆ ಬಗೆಹರಿಯಲಿಲ್ಲ; ಹಿನ್ನೆಲೆಯಲ್ಲಿ ಪಾತ್ರೆ ತೊಳೆಯುತ್ತಿದ್ದವರು ಮಾತ್ರ ಅವರಲ್ಲ.

ಆದಕಾರಣ ತಮ್ಮಲ್ಲಿ ನನ್ನ ಪ್ರಾರ್ಥನೆ ಇಷ್ಟೇ. ಸ್ಕ್ರಿಪ್ಟಿಗೆ, ಬೀಗ ಜಡಿಯುವ ಮೊದಲು ಒಂದು ಕ್ಷಣ ಸಂಕೋಚಪಡುವ ಗುಣವನ್ನು ಹನ್ನೊಂದನೆಯ ಸಾಲಾಗಿ ಸೇರಿಸಬೇಕು. ಅದು ಸಾಧ್ಯವಿಲ್ಲದಿದ್ದರೆ, 'ಮೊದಲು ಪಟ್ಟಿಯನ್ನಷ್ಟೇ ತೋರಿಸು, ಏನನ್ನೂ ಮುಟ್ಟಬೇಡ' ಎಂದು ಆಜ್ಞಾಪಿಸುವ ಆ ಒಂದು ಪದವನ್ನು, ಈಗಿನಂತೆ ಲೇಖನದ ಕೊನೆಯಲ್ಲಿ ಇರುವೆಗಾತ್ರದ ಅಕ್ಷರದಲ್ಲಿ ಹಾಕುವ ಬದಲು, ಕಾಫಿಗಿಂತ ಮೇಲೆ ಹಾಕಬೇಕು. ಎರಡು ಸರ್ವರ್‌ಗಳು ಪರಸ್ಪರ ಮಾತಾಡುವಂತೆ ತಾವು ಖುದ್ದಾಗಿ ಬಂದು ರಾಜಿ ಮಾಡಿಸುವುದಾದರೆ, ಯಂತ್ರಗಳ ಕೋಣೆಯ ಚಳಿಯಲ್ಲಿ ತಮಗೊಂದು ಸ್ಟೂಲು, ಕಂಬಳಿ ಕಾದಿರಿಸಲಾಗುವುದು.

ಮುಂದಿನ ವಾರದ ಸಲಹೆಯನ್ನು ಭಯಭಕ್ತಿಗಳಿಂದ ಎದುರುನೋಡುವ,
ತಮ್ಮ ವಿಶ್ವಾಸಿ, ಪಾಸ್‌ವರ್ಡ್ ಒಂದನ್ನುಳಿದು ಬೇರೆಲ್ಲವನ್ನೂ ನಂಬಿ ಕೆಟ್ಟ,
ಸರ್ವರ್ ನಿರ್ವಾಹಕಿ

ವಿ.ಸೂ.: ಎಲ್ಲರ ಖಾತೆಗಳನ್ನೂ ತೆರೆದಾಯಿತು, ಗಡಿಬಿಡಿಯಲ್ಲಿ ನಮ್ಮ ಆಡಳಿತ ನಿರ್ದೇಶಕರದೊಂದು ಉಳಿದುಹೋಯಿತು. ವಾರ ಕಳೆದರೂ ಅವರಿಂದ ದೂರು ಬಂದಿಲ್ಲ, ಆಸ್ಪತ್ರೆ ಎಂದಿಗಿಂತ ಚೆನ್ನಾಗಿ ನಡೆಯುತ್ತಿದೆ. ಬಳಕೆಯಲ್ಲಿಲ್ಲದ ಒಂದು ಖಾತೆಯನ್ನಾದರೂ ಸರಿಯಾಗಿ ಗುರುತಿಸಿದ ತಮ್ಮ ಸ್ಕ್ರಿಪ್ಟಿಗೆ ನನ್ನ ಪ್ರತ್ಯೇಕ ವಂದನೆ ತಿಳಿಸುವುದು.