ಮುನ್ನೂರು ವರ್ಷದ ಹಳೆಯ ಶಾಂತಿ

ಪುಸ್ತಕ ಹಿಡಿದುಕೊಂಡು ಊರು ತಿದ್ದಲು ಹೊರಟವನಿಗೆ ಫಜೀತಿ ತಪ್ಪಿದ್ದಲ್ಲ. ನನಗಂತೂ ಅದು ಸಾಲುಸಾಲಾಗಿ ಬಂತು: ಬೀದರಿನಲ್ಲಿ, ಭಾಲ್ಕಿಯಲ್ಲಿ, ಔರಾದ ಕಡೆಗೆ, ಕೊನೆಗೆ ನಮ್ಮ ಓಣಿಯಲ್ಲೇ.

ಪೊಲೀಸ್ ಆ್ಯಕ್ಷನ್ ನಡೆದು ನಿಜಾಮರ ಆಳ್ವಿಕೆ ಮುಗಿದ ಹೊಸತು. ನಾನು ಬೀದರಿನ ಒಂದು ಮಿಷನ್ ಶಾಲೆಯಲ್ಲಿ ಇಂಗ್ಲಿಷ್ ಮಾಸ್ತರ. ಅಲ್ಲಿನ ಉರ್ದು ಮುನಶಿಯವರು ನನ್ನ ಪಕ್ಕದ ಮನೆಯವರು, ದಿನವೂ ಒಂದೇ ಕೇತಲಿಯ ಚಹಾ ಕುಡಿಯುವ ಗೆಳೆಯರು. ಆ ದಿನಗಳಲ್ಲಿ ಮೊದಲು ಒಂದು ಕಡೆಯಿಂದ, ಆಮೇಲೆ ಇನ್ನೊಂದು ಕಡೆಯಿಂದ ಆಗಬಾರದ್ದೆಲ್ಲ ಆಗಿತ್ತು. ಅದನ್ನು ಬರೆಯಲು ನನಗೆ ಕೈ ಬರುವುದಿಲ್ಲ. ಮುನಶಿ ಹೆಂಡತಿಯನ್ನು ಕರೆದುಕೊಂಡು ಮನ್ನಳ್ಳಿಯ ಹಳೆಯ ಶಿಷ್ಯನೊಬ್ಬನ ಮನೆ ಸೇರಿದ್ದರು. ಅಲ್ಲಿಂದ ಕರಾಚಿಗೆ ಹೋಗಿಬಿಡುತ್ತಾರೆ ಎಂಬ ಸುದ್ದಿ ಬಂದಾಗ ನನ್ನ ಎದೆ ಒಡೆಯಿತು.

ಹೊಸದಾಗಿ ಬಂದ ಅಧಿಕಾರಿಯ ಹತ್ತಿರ ಹೋಗಿ, "ಜೀಪು ಕಳಿಸಿ ಅವರನ್ನು ಕರೆಸಿ" ಎಂದು ಬೇಡಿಕೊಂಡೆ. "ಓಣಿಯವರೇ ಬಂದು ಅವರು ನಮಗೆ ಬೇಕು ಅನ್ನಲಿ, ಕಳಿಸುತ್ತೇನೆ" ಎಂದರು. ಓಣಿಯ ಗಂಡಸರನ್ನು ಕೇಳಿದೆ. ಒಬ್ಬರು ಆಕಾಶ ನೋಡಿದರು, ಒಬ್ಬರು ಚಪ್ಪಲಿ ನೋಡಿದರು. ಯಾರಿಗೆ ಯಾರ ಭಯ ಎಂದು ಯಾರಿಗೂ ಗೊತ್ತಿರಲಿಲ್ಲ.

ಆಗ ನೆನಪಾದದ್ದು ಆ ದಪ್ಪ ಪುಸ್ತಕ. ತಮ್ಮ ದೇಶಕ್ಕೆ ಮರಳಿದ ಬಿಳಿಯ ಪಾದ್ರಿಯೊಬ್ಬರು ನನಗೆ ಬಿಟ್ಟುಹೋದದ್ದು. ಮುನ್ನೂರು ವರ್ಷದ ಹಿಂದೆ ಇಂಗ್ಲೆಂಡಿನಲ್ಲಿ ರಾಜನೂ ಪಾರ್ಲಿಮೆಂಟೂ ಕಡಿದಾಡುತ್ತಿದ್ದಾಗ ಅಲ್ಲಿನ ಪಾದ್ರಿಗಳು, ಪಂಡಿತರು ಶಾಂತಿಯ ಮೇಲೆ ಬರೆದ ಪ್ರವಚನ, ಅರ್ಜಿಗಳೆಲ್ಲ ಅದರಲ್ಲಿದ್ದವು. ಇದನ್ನು ಕನ್ನಡದಲ್ಲಿ ಓದಿ ಹೇಳಿದರೆ ಜನರ ಮನಸ್ಸು ಕರಗುತ್ತದೆ, ತಾವೇ ಹೋಗಿ ಮುನಶಿಯನ್ನು ಕೇಳುತ್ತಾರೆ ಎಂಬುದು ನನ್ನ ಲೆಕ್ಕ. ಅಧಿಕಾರಿಗೂ ಶಾಂತಿಸಭೆಗಳಿಗೆ ಭಾಷಣಕಾರ ಬೇಕಾಗಿತ್ತು.

ಒಂದು: ಬೀದರಿನ ಪ್ರವಚನ

ಮೊದಲ ಸಭೆ ನಮ್ಮ ಚರ್ಚಿನ ಅಂಗಳದಲ್ಲಿ. ಅತಿ ಉದ್ದದ ಪ್ರವಚನವನ್ನೇ ಆರಿಸಿದೆ, ಉದ್ದವಿದ್ದಷ್ಟು ಗುಣ ಹೆಚ್ಚೆಂದು. ಆ ಕಾಲದ ಪಾದ್ರಿಗಳಿಗೆ ಒಂದು ಚಟ. ಏನನ್ನೂ ನೇರವಾಗಿ ಹೇಳುವವರಲ್ಲ. ಶಾಂತಿಗೆ ಇಷ್ಟು ಬಗೆ, ಪ್ರತಿ ಬಗೆಗೆ ಇಷ್ಟು ಕಾರಣ, ಪ್ರತಿ ಕಾರಣಕ್ಕೆ ಇಷ್ಟು ಆಕ್ಷೇಪ, ಪ್ರತಿ ಆಕ್ಷೇಪಕ್ಕೆ ಇಷ್ಟು ಸಮಾಧಾನ.

"ಏಳನೆಯ ಕಾರಣದ ಮೂರನೆಯ ಆಕ್ಷೇಪ" ಎನ್ನುವ ಹೊತ್ತಿಗೆ ಮುಂದಿನ ಸಾಲಿನ ಮಕ್ಕಳು ಮಲಗಿದ್ದರು, ಹಿಂದಿನ ಸಾಲಿನ ದೊಡ್ಡವರು ಮಕ್ಕಳನ್ನು ಎತ್ತಿಕೊಳ್ಳುವ ನೆಪದಲ್ಲಿ ಎದ್ದು ಹೋಗಿದ್ದರು. ಉಳಿದವರು ನಮ್ಮ ಪಾಸ್ಟರ್ ಒಬ್ಬರೇ, ಏಕೆಂದರೆ ಬೀಗ ಹಾಕುವ ಕೆಲಸ ಅವರದು. ಕೀಲಿಕೈ ಅಲ್ಲಾಡಿಸುತ್ತ ಹತ್ತಿರ ಬಂದರು.

"ಮಾಸ್ತರ, ಯುದ್ಧ ವಾರ ತುಂಬೂದ್ರೊಳಗ ಮುಗೀತು. ನಿಮ್ಮ ಶಾಂತಿ ಯಾವಾಗ ಮುಗೀತದ್ರಿ?"

ಎರಡು: ಭಾಲ್ಕಿಯ ಮೊಣಕಾಲುಗಳು

ಭಾಲ್ಕಿಗೆ ಹೋಗುವಾಗ ಚಿಕ್ಕದೊಂದು ಲೇಖನ ಆರಿಸಿಕೊಂಡೆ. ಆದರೆ ಆಗಿನ ಪುಸ್ತಕಗಳಲ್ಲಿ ವಿಷಯಕ್ಕಿಂತ ಮೊದಲು ರಾಜನಿಗೆ ಅರ್ಪಣೆ ಇರುತ್ತಿತ್ತು, ಮೈಲುದ್ದದ ಬಿರುದುಗಳ ಸಮೇತ. ಬಿಟ್ಟು ಓದಬಹುದಿತ್ತು. ಬಿಡಲು ನನ್ನ ಮಾಸ್ತರಿಕೆ ಒಪ್ಪಲಿಲ್ಲ. ಜನರಿಗೆ ತಿಳಿಯಲೆಂದು ಆ ಬಿರುದುಗಳಿಗೆ ನಮ್ಮ ಕಡೆಯ ದರಬಾರಿ ಮಾತುಗಳನ್ನೇ ತೊಡಿಸಿದೆ. ಗಂಟಲು ಸರಿ ಮಾಡಿಕೊಂಡು, "ಆಲಾ ಹಜರತ್, ಹುಜೂರ್, ಮಹಾಪ್ರಭುಗಳ ಪಾದಕ್ಕೆ..." ಎಂದೆ.

ಇಡೀ ಸಭೆ ಧಡಕ್ಕನೆ ಎದ್ದು ನಿಂತಿತು. ತಲೆ ಬಗ್ಗಿಸಿ, ಕೈ ಹಣೆಗೆ ಒಯ್ದು ಸಲಾಮು ಮಾಡಿತು. ನಿಜಾಮರ ಆ ಬಿರುದು ಕಿವಿಗೆ ಬಿದ್ದಾಗ ಹಾಗೆ ಏಳುವುದು ಹುಟ್ಟಿದಾಗಿನಿಂದ ರೂಢಿ. ಎಲ್ಲರಿಗಿಂತ ಮೊದಲು ಎದ್ದವರು ಅಧ್ಯಕ್ಷ ಸ್ಥಾನದಲ್ಲಿದ್ದ, ಅದೇ ವಾರ ಬಿಳಿ ಟೊಪ್ಪಿಗೆ ಹಾಕಿದ ಮುಖಂಡರು. ಬಾಗಿಲಲ್ಲಿದ್ದ ಸಿಪಾಯಿ ಗಾಬರಿಯಾಗಿ ಬಂದೂಕು ಸರಿ ಮಾಡಿಕೊಂಡ.

ಮುಖಂಡರಿಗೆ ಎಚ್ಚರವಾಯಿತು. ಟೊಪ್ಪಿಗೆ ಮುಟ್ಟಿ ನೋಡಿಕೊಂಡು, "ಕೂಡ್ರಿ, ಕೂಡ್ರಿ! ಆ ದರಬಾರ ಮುಗೀತು, ಯಾಕ ನಿಂತೀರಿ?" ಎಂದು ಜನರ ಮೇಲೆಯೇ ರೇಗಿದರು.

ಮುದುಕ ಪಟೇಲರೊಬ್ಬರು ಕೋಲೂರಿ ನಿಧಾನಕ್ಕೆ ಕೂಡುತ್ತ ಹೇಳಿದರು: "ನಮಗ ಗೊತ್ತಾಗ್ಯದ್ರಿ. ಮೊಣಕಾಲಿಗಿನ್ನ ಸುದ್ದಿ ಮುಟ್ಟಿಲ್ಲ."

ಮೂರು: ಠಾಣಾ ಕುಶನೂರಿನ ಬೈಗುಳ

ಔರಾದ ತಾಲೂಕಿನ ಠಾಣಾ ಕುಶನೂರಿನಲ್ಲಿ ಎರಡು ಪಾರ್ಟಿ. ಒಂದೇ ಬಾವಿಯ ನೀರು ಕುಡಿದು ಒಬ್ಬರಿಗೊಬ್ಬರು ಮಾತು ಬಿಟ್ಟವರು. ಇವರು ಬೇವಿನ ಮರದ ಈ ಕಡೆ, ಅವರು ಆ ಕಡೆ ಕುಳಿತಿದ್ದರು. ನಾನು ಅರ್ಪಣೆ ಇಲ್ಲದ, ಕಾರಣ-ಆಕ್ಷೇಪ ಇಲ್ಲದ ಒಂದು ಪ್ರವಚನ ತೆರೆದೆ. "ಪ್ರಿಯ ಸಹೋದರರೇ, ನಾವೆಲ್ಲ ಒಂದೇ ಶರೀರದ ಅವಯವಗಳು" ಎಂದು ಶುರುವಾಗಿತ್ತು. ಎಷ್ಟು ಮಧುರ! ಮುಂದಿನದನ್ನು ಮೊದಲೇ ಓದಿಕೊಳ್ಳದೆ ಅಲ್ಲಿಯೇ ಕನ್ನಡ ಮಾಡುತ್ತ ಹೋದೆ.

ಎರಡು ಪುಟ ದಾಟಿದ್ದೇ ಅದನ್ನು ಬರೆದ ಪುಣ್ಯಾತ್ಮನ ರಾಗ ಬದಲಾಯಿತು. ಶಾಂತಿ ಬೇಕು, ಆದರೆ ಆಚೆಯವರು ಹಾವಿನ ಮರಿಗಳು. ಪ್ರೀತಿ ಬೇಕು, ಆದರೆ ಆ ಕಪಟಿಗಳು ಕುರಿಯ ಚರ್ಮ ಹೊದ್ದ ತೋಳಗಳು. ನಿಲ್ಲಿಸಲು ಹೋದರೆ ಎರಡೂ ಕಡೆಯಿಂದ, "ಓದ್ರಿ, ಓದ್ರಿ, ಖರೆ ಬರ್ದಾನ!" ಎಂಬ ಕೂಗು. ಇವರು ಅವರತ್ತ ಬೆರಳು ತೋರಿಸಿದರು, ಅವರು ಇವರತ್ತ.

ಸಭೆ ಮುಗಿದ ಮೇಲೆ ಎರಡೂ ಪಾರ್ಟಿಯ ಹಿರಿಯರು ಬೇರೆಬೇರೆಯಾಗಿ ಬಂದು ಕೈ ಮುಗಿದು ಕೇಳಿದ್ದು ಒಂದೇ ಮಾತು: "ಆ ಹಾವಿನ ಮರಿದು ಹಾಳಿ ಅಷ್ಟ ಬರ್ಕೊಡ್ರಿ ಮಾಸ್ತರ. ಅವರ ಮನಿ ಮುಂದ ನಿಂತು ಓದೂದದ."

ನಾಲ್ಕು: ಬಿಳಿ ಪಟ್ಟಿ

ಸೋತು ಮನೆಗೆ ಬಂದು ಊಟಕ್ಕೆ ಕುಳಿತೆ. ಮುನಶಿ ಬರುವ ದಾರಿ ಮುಚ್ಚಿತೆಂದೇ ಅನ್ನಿಸಿತ್ತು. ನನ್ನ ಹೆಂಡತಿ ನರ್ಸು, ಸುಮ್ಮನೆ ಕೂಡುವವಳಲ್ಲ. "ಆ ಪುಸ್ತಕದಾಗ ಬರೇ ಗಂಡಸರೇ ಇದ್ದಾರೇನ್ರಿ?" ಎಂದು ಕೇಳಿದಳು. ಆ ಕಾಲದಲ್ಲಿ ಹೆಂಗಸರು ತಲೆಗೆ ಬಿಳಿ ಪಟ್ಟಿ ಕಟ್ಟಿಕೊಂಡು, ಶಾಂತಿ ಕೊಡಿ ಎಂದು ಅರ್ಜಿ ಹಿಡಿದು ಪಾರ್ಲಿಮೆಂಟಿನ ಬಾಗಿಲಿಗೇ ನುಗ್ಗಿದ್ದರು ಎಂದೆ. ಅವಳು ಎದ್ದು ಕತ್ತರಿ ಹುಡುಕಿದಳು.

ಮರುದಿನ ನನ್ನ ಒಳ್ಳೆಯ ಧೋತರ ಕಾಣಲಿಲ್ಲ. ಹುಡುಕುತ್ತ ಹೊರಗೆ ಬಂದರೆ ಓಣಿಯ ಹೆಂಗಸರೆಲ್ಲರ ತಲೆಯ ಮೇಲೆ ಅದು ಪಟ್ಟಿಪಟ್ಟಿಯಾಗಿ ಹಂಚಿಹೋಗಿತ್ತು. ಎಲ್ಲರ ಮುಂದೆ ಎದುರು ಮನೆಯ ಲಿಂಗಾಯತರ ಅಜ್ಜಿ, ವಿಭೂತಿಯ ಮೇಲೆ ನನ್ನ ಧೋತರದ ಅಂಚು. ಮೆರವಣಿಗೆ ಕಚೇರಿಗೆ ನಡೆಯಿತು. ನಾನು ಹಿಂದೆ ಹಿಂದೆ ಓಡಿದೆ.

ಬಿಳಿ ಬಟ್ಟೆ ಕಂಡದ್ದೇ ಅಧಿಕಾರಿ ಹೊರಗೆ ಬಂದರು. "ತಾಯಂದಿರೇ, ಎಲ್ಲ ಮುಗಿದಿದೆ. ಇನ್ನು ಯಾರೂ ಶರಣಾಗಬೇಕಿಲ್ಲ."

"ಶರಣಾಗ್ಲಿಕ್ಕ ಯಾರ್ ಬಂದಾರ್ರಿ?" ಅಜ್ಜಿ ಗುಡುಗಿದಳು. "ನಮ್ಮ ಮುನಶಿನ್ನ ಕರ್ಸ್ರಿ. ಅಂವ ತನ್ನ ಕೋಳಿ ಬಿಟ್ಟು ಓಡ್ಯಾನ. ಒದರೂದು ಕೇಳ್ಲಾರ್ದ ನಮ್ಮ ಮನ್ಯಾಗ ಕಟ್ಟೇನಿ, ಜ್ವಾಳ ಹಾಕೇನಿ. ಕೊಳ್ಳಾಗ ಲಿಂಗ ಇಟ್ಕೊಂಡು ತತ್ತಿ ಹ್ಯಾಂಗ ಮುಟ್ಲ್ರಿ? ಬಿಟ್ರ ಮರಿ ಆಗ್ತಾವ. ಪೂಜಿಗಿ ಕುಂತ್ರ ತೊಡಿ ಮ್ಯಾಲ ಬಂದು ಕೂಡ್ತಾವ!"

ಅಧಿಕಾರಿ ನಕ್ಕದ್ದನ್ನು ಬೀದರಿನವರು ನೋಡಿದ್ದು ಅದೇ ಮೊದಲು. ಜೀಪು ಆಗಲೇ ಮನ್ನಳ್ಳಿಗೆ ಹೊರಟಿತು.

ಸಂಜೆಗೆ ಮುನಶಿ ದಂಪತಿ ಓಣಿಯಲ್ಲಿ ಇಳಿದರು. ಮುನಶಿಯ ಗಡ್ಡ ಬೆಳ್ಳಗಾಗಿತ್ತು. ಓಣಿ ಅವರನ್ನು ನೋಡಿತು, ಅವರು ಓಣಿಯನ್ನು ನೋಡಿದರು. ನಾನು ಆ ಪುಸ್ತಕದಿಂದ ಒಳ್ಳೆಯದೊಂದು ವಾಕ್ಯ ಬಾಯಿಪಾಠ ಮಾಡಿಕೊಂಡಿದ್ದೆ. ಅದನ್ನು ಹೇಳಲು ಒಂದು ಹೆಜ್ಜೆ ಮುಂದಿಟ್ಟೆ.

ಅಜ್ಜಿ ತನ್ನ ಮನೆಯ ಬಾಗಿಲು ತೆರೆದಳು. ಕೋಳಿ, ಹುಂಜ, ಮರಿ, ಅರೆಬೆಳೆದ ಪಿಳ್ಳೆಗಳು, ಹೊರಗೆ ಬಂದದ್ದೇ ಬಂದದ್ದು. ಓಣಿ ತುಂಬಿತು.

ಮುನಶಿ ಎರಡು ಹೆಜ್ಜೆ ಹಿಂದೆ ಸರಿದರು. "ಅಮ್ಮಾ, ಇವೆಲ್ಲ ನಮ್ಮವಲ್ಲ. ನಾ ಬಿಟ್ಟು ಹೋದದ್ದು ಎರಡು ಕೋಳಿ, ಒಂದು ಹುಂಜ."

"ನೀ ಬರೂ ತನಕ ಅವೇನು ಸನ್ಯಾಸ ತಗೊಂಡು ಕೂಡ್ತಾವೇನು?" ಎಂದಳು ಅಜ್ಜಿ.

ಮೊದಲು ನಕ್ಕವರು ಮುನಶಿಯ ಹೆಂಡತಿ. ಆಮೇಲೆ ಓಣಿಗೆ ಓಣಿಯೇ ನಕ್ಕಿತು. ಎಷ್ಟೋ ತಿಂಗಳಿಂದ ಹಿಡಿದಿಟ್ಟ ಉಸಿರು ಬಿಟ್ಟ ಹಾಗೆ ನಾನೂ ನಕ್ಕೆ, ಕಣ್ಣಲ್ಲಿ ನೀರು ಬಂತು. ಮುನಶಿ ತಮ್ಮ ಕಟ್ಟೆಯ ಮೇಲೆ ಕುಸಿದು ಕುಳಿತರು. ಒಂದು ಮರಿ ಅವರ ಚಪ್ಪಲಿ ಏರಿತು, ಇನ್ನೊಂದು ಗಂಟಿನ ಮೇಲೆ ಕುಳಿತಿತು. ಅವರು ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿದರು.

"ಇಷ್ಟ್ ದೊಡ್ಡ ಖಾನದಾನ್ ಕಟ್ಕೊಂಡು ಕರಾಚಿಗಿ ಹ್ಯಾಂಗ ಹೋಗ್ಲ್ರಿ ಮಾಸ್ತರ?"